ಹೊರಜೂಗದ ತೂಕದ ಕಲ್ಲು

ಒಂಬತ್ತು ಸೀಟಿನ ವಿಮಾನ ನಮ್ಮದು.
ಮಳೆಗಾಲಕ್ಕೆ ಬೈತಖೋಲದ ದೋಣಿಗಳು ದಡ ಹತ್ತಿದರೆ
ಹೊರಜೂಗಕ್ಕೂ ಕಾರವಾರಕ್ಕೂ ನಡುವೆ
ಇರುವುದು ಅದೊಂದೇ.
ಸೋಮವಾರ, ಗುರುವಾರ. ಗಾಳಿ ಒಪ್ಪಿದರೆ.

ಏರುವವರೆಲ್ಲ ಮೊದಲು ಕಾಟಾ ಹತ್ತಬೇಕು.
ಚೀಲ ಬೇರೆ ಜೀವ ಬೇರೆ ಎಂದಿಲ್ಲ,
ಎಲ್ಲ ಒಟ್ಟಿಗೆ.
ಕೂಗುವವಳು ಮಂಕಾಳಿ ಹರಿಕಂತ್ರ,
ಬರೆಯುವವನು ನಾನು, ರುಜಾರ್.
ವಿಮಾನ ಇಳಿಯುವಾಗ ಬೆಂಕಿ ಬಕೆಟ್ಟು ಹಿಡಿದು ನಿಲ್ಲುವವನೂ ನಾನೇ.
ಬಿಸಿಲಿದ್ದ ದಿನ ರನ್‌ವೇ ಮೇಲೆ ಹರವಿದ ಶೆಟ್ಲಿಯನ್ನು
ಹೊತ್ತಿಗೆ ಮುಂಚೆ ಗುಡಿಸುವುದು ಮಾತ್ರ
ಇಬ್ಬರೂ.

ಮೂವತ್ತು ವರ್ಷ ಮೀನು ತೂಗಿದ ಕಣ್ಣು ಅವಳದು.
ಬಾಗಿಲಲ್ಲಿ ಕಂಡರೆ ಸಾಕು:
"ಗುನಗಿ ಮಾಸ್ತರು, ಎಪ್ಪತ್ತೊಂದು. ಕೊಡೆ ಬಿಟ್ಟು."
ಮುಳ್ಳು ಆಮೇಲೆ ನಿಧಾನ ಎದ್ದು
ಹೌದು ಅನ್ನುತ್ತಿತ್ತು.

ಬಾಗಿಲು ತೆಗೆದ ದಿನವೆಲ್ಲ
ಚಪ್ಪಲಿ ಕಳಚಿ ಮೊದಲು ತಾನೇ ಹತ್ತುವಳು.
ಐವತ್ತೆರಡು.
ಪುಸ್ತಕದ ಮೊದಲ ಸಾಲು ಅದೇ:
ಕಲ್ಲು, ೫೨.
ಮಂಗಳೂರಿನಿಂದ ಬರಬೇಕಿದ್ದ ಕಬ್ಬಿಣದ ಕಲ್ಲು
ಏಳು ವರ್ಷವಾದರೂ ಬಂದಿರಲಿಲ್ಲ.
"ಎಂತಕ್ಕೆ ಬೇಕಾ ಅದು? ನಾ ಇಲ್ವನಾ?"

ಜೂನಿನಲ್ಲಿ ಒಂದು ದಿನ ಮುಳ್ಳು
ಐವತ್ತೊಂದಕ್ಕೇ ನಿಂತಿತು.
"ಉಪ್ಪುಗಾಳಿ. ಸ್ಪ್ರಿಂಗು ಜಡ್ಡುಗಟ್ಟಿದೆ, ತಿರುಪು ತಿರುಗಿಸೋ."
ತಿರುಗಿಸಿದೆ.
ಇಪ್ಪತ್ತು ದಿನಕ್ಕೆ ಮತ್ತೆ ತಿರುಗಿಸಿದೆ.
ಆಷಾಢ ಮುಗಿಯುವುದರೊಳಗೆ ಇನ್ನೊಮ್ಮೆ.

ಆ ಮಳೆಗಾಲ ಇಡೀ ಊರು ದಪ್ಪಗಾಯಿತು.
ಶೆವಂತಿ ತಾಂಡೇಲ ಜಗಳಕ್ಕೇ ಬಂದಳು:
ಗಂಜಿ ಕುಡಿದು ಮೂರು ಕೇಜಿ ಏರುವುದು ಯಾವ ನ್ಯಾಯ?
ಮಾಸ್ತರು ರಾತ್ರಿಯೂಟ ಬಿಟ್ಟರು.
ಶಾಬಂದ್ರಿ ಸಾಹೇಬರ ಅಕ್ಕಿ ಚೀಲ,
ಮೇಲೆ ಇಪ್ಪತ್ತೈದೆಂದು ಅಚ್ಚೊತ್ತಿದ್ದು,
ಇಪ್ಪತ್ತೆಂಟು ತೂಗಿತು.
"ಕಾರವಾರದವರು ಒಂದು ಸಲವಾದರೂ ಜಾಸ್ತಿ ಕೊಟ್ಟರಲ್ಲ!"
ಎಲ್ಲ ನಕ್ಕರು. ನಾನೂ ನಕ್ಕೆ.
ಅಲ್ಲೇ ಹೊಳೆಯಬೇಕಿತ್ತು.

ಲೆಕ್ಕ ಮೀರಿದವರು ಸಾಮಾನು ಬಿಟ್ಟು ಹೋದರು.
ಮೇಜಿನ ಕೆಳಗೆ ರಾಶಿ ಬೆಳೆಯಿತು:
ಕೋಡಿಬಾಗದ ಮಗಳಿಗೆಂದು ತಂದ ಒಣ ಶೆಟ್ಲಿ ಪೊಟ್ಟಣ,
ಹಪ್ಪಳದ ಡಬ್ಬಿ, ಹುಣಸೆ ಉಂಡೆ,
ಗದ್ದೆ ವ್ಯಾಜ್ಯದವನ ಕಾಗದದ ಕಟ್ಟು.
ಅವನು ಬರಿಗೈಲಿ ಕೋರ್ಟಿಗೆ ಹೋಗಿ
ವಾಯಿದೆ ತಂದ.

ಚೌತಿಗೆ ಮುಂಚಿನ ಗುರುವಾರ
ಸರಕಾರದವನೊಬ್ಬ ಇಳಿದ.
ಮರದ ಪೆಟ್ಟಿಗೆ, ಒಳಗೆ ಮುದ್ರೆಯೊತ್ತಿದ ಕಲ್ಲು.
ಹತ್ತರದ್ದು ನಾಲ್ಕು ಇಟ್ಟ.
ಮುಳ್ಳು ನಲವತ್ಮೂರಕ್ಕೆ ಹೋಗಿ, ಸ್ವಲ್ಪ ತೂಗಾಡಿ,
ಅಲ್ಲೇ ನಿಂತಿತು.

ಯಾರೂ ಏನೂ ಅನ್ನಲಿಲ್ಲ.
ಸೋಪು ಹಚ್ಚಿದರೂ ಬಾರದಿದ್ದ ಬಳೆ
ಅವಳ ಮೊಣಕೈವರೆಗೆ ಸರಿದದ್ದನ್ನು
ಆಗ ಮೊದಲು ನೋಡಿದೆ.
ಅವಳು ನೋಡಿದ್ದು
ನನ್ನ ಜೇಬಿನ ಸ್ಕ್ರೂಡ್ರೈವರನ್ನು.

ಸೋಮವಾರ ಅವಳೇ ಸಾಲಿನಲ್ಲಿ ನಿಂತಳು.
ಇಸ್ತ್ರಿ ಸೀರೆ, ದೊಡ್ಡಾಸ್ಪತ್ರೆಗೆ ಬರೆದ ಚೀಟಿ.
ಕೂಗಲು ನನಗೆ ಬಾಯಿ ಬರಲಿಲ್ಲ.
ಅವಳೇ ಕೂಗಿದಳು: "ನಲವತ್ತೆಂಟೂವರೆ."
ಮುಳ್ಳು ಆಮೇಲೆ ಎದ್ದು
ಹೌದು ಅಂದಿತು.

"ಬರೀಬೇಡ, ತಡಿ."
ಇಳಿದು ಮೇಜಿನ ಕೆಳಗೆ ಬಗ್ಗಿ
ಶೆಟ್ಲಿ ಪೊಟ್ಟಣ ಎಳೆದಳು, ಹಪ್ಪಳದ ಡಬ್ಬಿ,
ಹುಣಸೆ ಉಂಡೆ ಒಂದು, ಯೋಚಿಸಿ ಇನ್ನೊಂದು.
ಯಾರದು ಯಾವುದು, ಯಾವ ಕೇರಿಗೆ ತಲುಪಬೇಕು
ಎಲ್ಲ ಅವಳಿಗೆ ಬಾಯಿಪಾಠ.
ಮಡಿಲು ತುಂಬಿಕೊಂಡು ಮತ್ತೆ ಹತ್ತಿದಳು.
ಅರ್ಧ ಕೇಜಿ ಕಮ್ಮಿ ಬಿತ್ತು.
ಕೋರ್ಟಿನ ಕಟ್ಟು ತೆಗೆದು ಕೈಗೆ ಕೊಟ್ಟೆ.
ಐವತ್ತೆರಡು.
"ಈಗ ಬರಿ."

ಬಕೆಟ್ಟು ಹಿಡಿದು ಅಂಚಿನಲ್ಲಿ ನಿಂತೆ.
ದೇವಗಡದ ದೀಪದ ಕಂಬದ ಆಚೆಗೂ
ಸ್ವಲ್ಪ ಹೊತ್ತು ಸದ್ದು ಇತ್ತು,
ಆಮೇಲೆ ಬರೀ ಅಲೆ.

ಗುರುವಾರ ಪೆಟ್ಟಿಗೆ ತೆಗೆದು
ಅವನು ಬಿಟ್ಟುಹೋದ ಕಬ್ಬಿಣ ಇಟ್ಟು ನೋಡಿದೆ.
ಸರಿಯಾಗಿಯೇ ಇತ್ತು.
ಪುಸ್ತಕದಲ್ಲಿ ಮೊದಲ ಸಾಲು ಬಿಟ್ಟು
ಎರಡನೆಯದರಿಂದ ಬರೆದೆ.