ಏಳೆಂಟ್ಲಿ

ಮೂರು ಆಲೂಗಡ್ಡೆ ಪೆಟ್ಟಿಗೆಗಳಲ್ಲಿ ಬಂತು ಅದು,
ಬೈಕು ಅಂದರೆ ಬೈಕು, ಗುಜರಿ ಅಂದರೆ ಗುಜರಿ.
ಯೂನಾಕ್. ಇದೇ ಶ್ಚೆಚಿನ್ ಊರಲ್ಲಿ ಹುಟ್ಟಿದ್ದು,
ನನಗಿಂತ ನಾಲ್ಕು ವರ್ಷ ಚಿಕ್ಕದು,
ನನಗಿಂತ ಎಷ್ಟೋ ಮೊದಲೇ ನಿವೃತ್ತಿ ಪಡೆದದ್ದು.

ನೆಲಮಾಳಿಗೆಯಲ್ಲಿ ಗ್ರೀಸೂ ಕಲ್ಲಾಗುವ ಫೆಬ್ರವರಿ.
ಹಾಗಾಗಿ ಇಂಜಿನ್ನು ಹತ್ತಿತು ನಾಲ್ಕನೇ ಮಹಡಿಗೆ,
ನನ್ನ ಅಡುಗೆಮನೆಯ ಮೇಜಿಗೆ;
ಉಪ್ಪು, ಬ್ರೆಡ್ಡು ಕಿಟಕಿಗೆ ಸರಿದವು.

ಮೂವತ್ತೊಂದು ವರ್ಷ ಟ್ರಾಮ್ ಓಡಿಸಿದವಳು ನಾನು,
ಹಳಿ ಹೇಳಿದಲ್ಲಿ ತಿರುಗಿ, ಗಂಟೆ ಹೇಳಿದಲ್ಲಿ ನಿಂತು.
ಒಂದು ಬೋಲ್ಟು ಬಿಚ್ಚಲು ಯಾರ ಅಪ್ಪಣೆಯೂ ಬೇಡ
ಎಂಬುದನ್ನು ಕೈ ಇನ್ನೂ ಪೂರಾ ನಂಬಿಲ್ಲ.

ಕೆಳಮನೆಯ ಬೋಗುಶ್ ಬರುತ್ತಾನೆ ಶಾಲೆ ಬಿಟ್ಟ ಮೇಲೆ.
ಹನ್ನೊಂದು ವರ್ಷ. ಅವನ ಕೆಲಸ:
ಬೋಲ್ಟುಗಳನ್ನು ತೆಗೆದ ಕ್ರಮದಲ್ಲೇ ಮೊಟ್ಟೆ ಟ್ರೇಯಲ್ಲಿಡುವುದು,
ನಾನು ಬೈದದ್ದು ಕೇಳಿಸದವನ ಹಾಗಿರುವುದು.

ಮೊದಲು ಹೆಡ್ಡು. ನಡುವಿನ ತಾಮ್ರದ ಬಳೆ
ತುಳಿಸಿಕೊಂಡೂ ತುಳಿಸಿಕೊಂಡೂ ಗಡುಸಾಗಿತ್ತು.
ಇಕ್ಕಳದಲ್ಲಿ ಹಿಡಿದು ಗ್ಯಾಸಿನ ನೀಲಿ ಉರಿಗೆ ಒಡ್ಡಿದೆ,
ಬೀಟ್‌ರೂಟ್ ಸಾರಿನ ಬಣ್ಣ ಬಂದೊಡನೆ ಬಕೆಟ್ಟಿಗೆ.
ಚುಯ್!
ಕಬ್ಬಿಣ ಹೀಗೆ ಮುಳುಗಿದರೆ ಸೆಟೆಯುತ್ತದೆ,
ತಾಮ್ರ ಮೆತ್ತಗಾಗುತ್ತದೆ.
"ಯಾಕೆ?" ಅಂದ ಬೋಗುಶ್.
ಗೊತ್ತಿಲ್ಲ ಮಾರಾಯ, ಅದರ ಜಾಯಮಾನ ಅಂದೆ.

ಆಮೇಲೆ ಟೈಮಿಂಗ್ ಕವರು.
ಎಷ್ಟು ತಟ್ಟಿದರೂ ಬರಲೊಲ್ಲದೆ, ಕೊನೆಗೆ
ಗಾಯದ ಹಕ್ಕಳೆ ಎದ್ದಂತೆ ಎದ್ದಿತು.
ಅಡಿಯ ಗ್ಯಾಸ್ಕೆಟ್ಟು ಕಾರ್ಖಾನೆಯದಲ್ಲ.
ಚೌಕಗೆರೆಯ ಶಾಲೆ ನೋಟುಬುಕ್ಕಿನ ಹಾಳೆ,
ಕತ್ತರಿಯಲ್ಲಿ ಕತ್ತರಿಸಿದ್ದು, ಎಣ್ಣೆ ಕುಡಿದು ಜೇನಿನ ಬಣ್ಣ.
ಅದರ ಮೇಲೆ ಪೆನ್ಸಿಲಿನಲ್ಲಿ, ಮಗುವಿನ ದುಂಡು ಅಕ್ಷರ:
೭ × ೮ = ೫೪.
ಪಕ್ಕದಲ್ಲಿ ಕೆಂಪು ಶಾಯಿಯ ಗೀಟೊಂದು ಶುರುವಾಗಿ
ಬೋಲ್ಟಿನ ತೂತಿನಲ್ಲಿ ಮುಗಿದುಹೋಗಿದೆ.

ಬೋಗುಶ್ ನಕ್ಕ ನಗುವಿಗೆ ಮೊಟ್ಟೆ ಟ್ರೇ ಅಲುಗಿತು.
"ಏಳೆಂಟ್ಲಿ ಐವತ್ತಾರು! ಅಷ್ಟೂ ಗೊತ್ತಿಲ್ಲವಾ?"
ಯಾರ ಮನೆಯ ಮಗುವೋ, ಈಗ ಅಜ್ಜನೋ ಅಜ್ಜಿಯೋ.
ಅಪ್ಪನೇ ಬೈದು ಹಾಳೆ ಹರಿದನೋ,
ತಪ್ಪು ಅಡಗಿಸಲು ಜಾಗ ಹುಡುಕುತ್ತಿದ್ದ ಮಗುವೇ ಕೊಟ್ಟಿತೋ.
ಕವರಿನ ಹೊರಮೈಗೆ ಬೆರಳೆಳೆದು ನೋಡಿದೆ:
ಧೂಳು. ಒಣ ಧೂಳು. ಒಂದು ಹನಿಯ ಕಲೆ ಇಲ್ಲ.

ಹಾಗೇ ಇಡೋಣವೆಂದರೆ ಮುಟ್ಟಿದಲ್ಲೆಲ್ಲ ಹಪ್ಪಳ.
ಕೆರೆದೆ. ಚಾಕುವಲ್ಲ, ಚೂಪು ಮಾಡಿದ ಮರದ ಸೌಟಿನ ಹಿಡಿ;
ಅಲ್ಯೂಮಿನಿಯಂ ಬೇಗ ಗಾಯ ಮಾಡಿಕೊಳ್ಳುತ್ತದೆ, ಹೇಳುವುದಿಲ್ಲ.
ನಾಲ್ಕು ಹೋಯಿತು, ಐದು ಹೋಯಿತು,
ಎಂಟು ಮಾತ್ರ ಲೋಹ ಕಚ್ಚಿಕೊಂಡು ಸಂಜೆಯವರೆಗೆ ಕಾಡಿತು.

ಹೊಸದಕ್ಕೆ ಅಂಗಡಿಯ ಹಾಳೆ, ಅರ್ಧ ಮಿಲಿಮೀಟರ್.
ಕವರಿನ ಮೇಲೆ ಹಾಸಿ ಅಂಚಿನುದ್ದಕ್ಕೂ
ಗುಂಡುತಲೆಯ ಸುತ್ತಿಗೆ: ಟಕ್ ಟಕ್ ಟಕ್.
ಬೋಗುಶನ ತಾಯಿ ಪೊರಕೆ ಹಿಡಿಯಲ್ಲಿ
ತನ್ನ ಚಾವಣಿ ಗುದ್ದಿ ಉತ್ತರ ಕೊಟ್ಟಳು.
ಗ್ರೀಸು ಸವರುವ ಮೊದಲು "ತಡೀರಿ" ಅಂದ ಅವನು,
ಪೆನ್ಸಿಲು ತೆಗೆದು, ನಾಲಗೆ ಕಚ್ಚಿ ಬರೆದ:
೭ × ೮ = ೫೬.
ಅಡಿಗೆರೆ, ಎರಡು ಸಲ.

ಬೋಲ್ಟು ಬಿಗಿದೆ, ಎದುರುಬದುರಾಗಿ,
ಒಂದಕ್ಕೆ ಅರ್ಧ ಸುತ್ತು, ಇನ್ನೊಂದಕ್ಕೆ ಅರ್ಧ ಸುತ್ತು,
ಪಂಕ್ತಿಯಲ್ಲಿ ಬಡಿಸುವವರ ಹಾಗೆ, ಯಾರಿಗೂ ಹೆಚ್ಚಾಗದಂತೆ.

ಏಪ್ರಿಲ್ಲಿನಲ್ಲಿ ಅಂಗಳಕ್ಕಿಳಿಸಿದೆವು. ಹದಿನೇಳನೇ ಕಿಕ್ಕಿಗೆ
ಕೆಮ್ಮಿತು, ಉಗುಳಿತು, ಸುತ್ತಲಿನ ಪಾರಿವಾಳಗಳನ್ನೆಲ್ಲ ಎಬ್ಬಿಸಿತು.
ಹೆಡ್ಡು ಒಣಗಿದೆ. ತಾಮ್ರ ಮಾತು ಉಳಿಸಿಕೊಂಡಿದೆ.
ಟೈಮಿಂಗ್ ಕವರಿನ ಕೆಳಗೆ, ಸರಿಯಾಗಿ ಆ ಲೆಕ್ಕವಿದ್ದ ಕಡೆ,
ಹನಿಯೊಂದು ದಪ್ಪಗಾಯಿತು. ಬಿತ್ತು.

ಬೋಗುಶ್ ನನ್ನ ಮುಖ ನೋಡಲಿಲ್ಲ.
ಮೀನಿನ ಖಾಲಿ ಡಬ್ಬಿ ತಂದು ಕೆಳಗಿಟ್ಟ,
ನನ್ನ ಟ್ರಾಮ್ ಕಾಲದ ಗಡಿಯಾರ ಇಸಕೊಂಡು
ಕುಕ್ಕರುಗಾಲಲ್ಲಿ ಕೂತು ಎಣಿಸತೊಡಗಿದ.
ನಿಮಿಷಕ್ಕೆ ಎಂಟು.
ಏಳನೇ ನಿಮಿಷ ಮುಗಿಯುವಷ್ಟರಲ್ಲಿ
ಅವರಮ್ಮ ಊಟಕ್ಕೆ ಕರೆದಳು.
ಎಷ್ಟಾಯಿತೆಂದು ನಾನೂ ಕೇಳಲಿಲ್ಲ.