ದಾಟದವರು

ಚಪ್ಲಿ ಕೈಯಾಗೆ ಹಿಡ್ಕಳ್ರಿ, ಕೆಸರೈತೆ.
ನಡುವಿಗೆ ಕಾಲಿಡಬೇಕು, ಅಂಚಿಗಲ್ಲ.
ಅಂಚಿಗಿಟ್ಟರೆ ಹರಿಗೋಲು ಮಗುಚಿ
ಟೋಪಿ ಹಂಗೆ ತಲೆ ಮ್ಯಾಲೆ ಕುಂದ್ರುತ್ತೆ.
ದಾದಾಪೀರ, ಹೇಳಪ್ಪ ಅವರಿಗೆ.
ನಿನ್ನ ಇಂಗ್ಲೀಷೂ ಈ ಹರಿಗೋಲಿನಂಗೆ:
ತೇಪೆ ಮ್ಯಾಲೆ ತೇಪೆ, ಆದ್ರೂ ಮುಳುಗಲ್ಲ.

ಮಾರಿಷಸ್ಸಂತೆ. ನಾಕೂ ಕಡೆ ಕಡಲಂತೆ.
ಹುಟ್ಟಿದಾಗಿಂದ ಅಲೆ ನೋಡಿದ ಹೆಂಗಸು
ಮೊಣಕಾಲುದ್ದ ನೀರಾಗೆ ಗಂಡನ ತೋಳು ಬಿಗಿಹಿಡಿದು
ಕೇಳಿದ್ಲು: ಇದಕ್ಕೆ ಮುಂದು ಯಾವುದು?

ಮುಂದಿಲ್ಲ ತಾಯಿ.
ಬಿದಿರು ಹೆಣೆಯುವಾಗ ನಮ್ಮಪ್ಪ
ಅದನ್ನ ಯೋಚಿಸಿದೋನಲ್ಲ.
ಅವನ ಕಾಲಕ್ಕೆ ಮ್ಯಾಲೆ ಎಮ್ಮೆ ಚರ್ಮ,
ನನ್ನ ಕಾಲಕ್ಕೆ ಯೂರಿಯಾ ಚೀಲ, ಡಾಂಬರು.
ನಾನು ಎತ್ತ ಮುಖ ಮಾಡಿ ಕುಂತರೆ
ಅತ್ತಲೇ ಮುಂದು.

ಅವರ ಪುಸ್ತಕದಾಗೆ ಬೇರೇನೋ ಚಿತ್ರ ಇತ್ತು:
ಬಿಳಿ ನೊರೆ, ಬಂಡೆ, ಚೀರಾಟ, ತಲೆಗೆ ಹೆಲ್ಮೆಟ್ಟು.
ಅಂಥದ್ದು ಇಲ್ಲಿಲ್ಲ.
ತುಂಗಭದ್ರೆ ಹರಿಹರ ದಾಟಿ ನಮ್ಮೂರಿಗೆ ಬರೋ ಹೊತ್ತಿಗೆ
ಉಂಡು ಎಲೆ ಅಡಿಕೆ ಹಾಕ್ಕಂಡ ಹೆಂಗಸು.
ಎದ್ದೆ, ಎದ್ದೆ ಅಂತಾಳೆ,
ಏಳಲ್ಲ.

ಇದೇನು ಅಂದ ಆ ಯಜಮಾನ, ನನ್ನ ಕೈ ತೋರಿಸಿ.
ಹುಟ್ಟು ಅಂದೆ.
ದಾದಾಪೀರ ತಲೆ ಕೆರ್ಕಂಡು
'ಬರ್ತ್' ಅಂತ ಹೇಳಿಬಿಟ್ಟ.
ರೈಲಿಂದಲ್ಲ, ಹೆರಿಗೆದು.
ಪಾಪ ಆ ಮನುಷ್ಯ ಗಾಬರಿಬಿದ್ದು
ಕೋಲು ನೋಡಿದ, ನನ್ನ ನೋಡಿದ,
ಮತ್ತೆ ಕೋಲು ನೋಡಿದ.
ತಪ್ಪು ಹೇಳಿಲ್ಲ ಬಿಡು.
ಎರಡು ಹುಟ್ಟು ಈ ಹೊಳೆಗೇ ಸವೆದವು,
ಇದು ಮೂರನೇದು.

ನಡುಹೊಳೆಯಾಗೆ ಗಂಟು ಬಿಚ್ಚಿದೆ.
ನಮ್ಮಾಕೆ ಕಟ್ಟಿದ ಮಂಡಕ್ಕಿ, ಹುರಿಗಡ್ಲೆ,
ಹೊಟ್ಟೆ ಸೀಳಿ ಉಪ್ಪು ತುಂಬಿದ ಮೆಣಸಿನಕಾಯಿ.
ಮೊದಲ ಹಿಡಿ ಹೊಳೆಗೆ.
ಮಂಡಕ್ಕಿ ನೀರ ಮ್ಯಾಲೆ ಬೆಳ್ಳಗೆ ಹರಡಿ
ಒಂದೊಂದೇ ಮಾಯ ಆಗ್ತಾ ಹೋಯ್ತು,
ಕೆಳಗಿಂದ ಯಾರೋ ಎಣಿಸಿ ತಗಂಡಂಗೆ.
ಆ ಹೆಂಗಸು ಬಗ್ಗಿ ಎರಡು ಬೆರಳು ನೀರಿಗದ್ದಿ
ಕಣ್ಣಿಗೊತ್ತಿಕೊಂಡ್ಲು.
ನಾನು ಹೇಳಿಕೊಟ್ಟಿರಲಿಲ್ಲ.
ಅವಳ ಅಜ್ಜಿಯ ಅಜ್ಜಿ ಹಡಗು ಹತ್ತಿ ಹೋದೋಳಂತೆ,
ಊರ ಹೆಸರು ಮರೆತು ಇದೊಂದು ಉಳಿಸಿಕೊಂಡಿದ್ಲಂತೆ.
ನಮ್ಮ ಕಡೆಯೋಳು ಇರಲಿಕ್ಕಿಲ್ಲ.
ನಾನೂ ಕೇಳೋಕೆ ಹೋಗಲಿಲ್ಲ.

ನಮ್ಮಪ್ಪ ದುಡ್ಡು ಮುಟ್ಟಿದೋನಲ್ಲ.
ಸುಗ್ಗಿಯಾಗೆ ಎರಡೂ ದಡದ ಕಣಕ್ಕೆ ಹೋಗಿ ನಿಂತರೆ
ಮನೆಗೆ ನಾಕು ಸೇರು ಜೋಳ,
ವರ್ಷಪೂರ್ತಿ ದಾಟಿಸಿದ್ದಕ್ಕೆ.
ಬಸುರಿ, ಮದುಮಗ, ಪೋಸ್ಟಿನ ನಾಗೇಂದ್ರಾಚಾರಿ,
ಹಗ್ಗ ಹಿಡಿದರೆ ಹಿಂದೆ ಈಜಿ ಬರೋ ಹೋರಿ,
ಎಲ್ಲರಿಗೂ ಆಚೆ ಕೆಲಸ.
ಹೊಳೆ ದಾಟಿದ ಮ್ಯಾಲೆ ಅಂಬಿಗ ಯಾರು?
ಗಾದೆ ಸುಮ್ನೆ ಹುಟ್ಟಿಲ್ಲ.
ಆಮೇಲೆ ಊರಿಗೆ ಸೇತುವೆ ಬಂತು,
ಗಾದೆಗೂ ಕೆಲಸ ತಪ್ಪಿತು.

ಇವರು ದಾಟೋರಲ್ಲ.
ಹತ್ತಿದ ದಡಕ್ಕೇ ಇಳೀತಾರೆ.
ತಲೆಗೆ ಇನ್ನೂರು ಎಣಿಸಿ ಕೊಟ್ಟು
ಎಲ್ಲಿಗೂ ಹೋಗದೇ ಇರೋಕೆ ಇಷ್ಟು ದೂರ ಬರ್ತಾರೆ.
ಮೊದಮೊದಲು ಒಳಗೊಳಗೇ ನಗ್ತಿದ್ದೆ.
ಲೆಕ್ಕ ಬರೆಯೋ ನಮ್ಮ ಕರಿಬಸಮ್ಮ
'ತಲುಪಿದ ಊರು' ಅನ್ನೋ ಕಡೆ
ದುಂಡಗೊಂದು ಸೊನ್ನೆ ಹಾಕ್ತಾಳೆ.
ಒಂದು ದಿನ ನೋಡಿದೆ:
ನಮ್ಮ ಹರಿಗೋಲೇ ಅದು, ಪುಟದ ಮ್ಯಾಲೆ ಕಟ್ಟಿ ಹಾಕಿದ್ದು.

ಕೊನೇಗೆ ಒಂದು ಸುತ್ತು ತಿರುಗಿಸ್ತೀನಿ, ಎಲ್ಲರಿಗೂ ಅದು ಬೇಕು.
ಹುಟ್ಟು ಒಂದೇ ಕಡೆ ಇಳಿಸಿ ಎಳೆದೆ.
ಸೇತುವೆ ಬಂತು, ಲಾರಿ ಬಂತು, ಎಮ್ಮೆ ಬಂತು,
ಬಟ್ಟೆ ಒಗೆಯೋರ ಬೆನ್ನು, ಭತ್ತದ ಗದ್ದೆ,
ಮತ್ತೆ ಸೇತುವೆ, ಮತ್ತೆ ಎಮ್ಮೆ,
ಎಲ್ಲಾ ನಮ್ಮನ್ನ ನೋಡೋಕೆ ಸರತಿ ನಿಂತಂಗೆ.
ಹುಟ್ಟು ಎತ್ತಿದೆ. ತಾನಾಗೇ ನಿಧಾನ ಆಯ್ತು.
ಯಾರೂ ಮಾತಾಡಲಿಲ್ಲ.
ಆ ಹೆಂಗಸು ಕಣ್ಣು ಮುಚ್ಚಿಕೊಂಡೇ
ಅವರ ಭಾಷೆಯಾಗೆ ಏನೋ ಅಂದ್ಲು, ಸಣ್ಣಗೆ.

ಏನಂದ್ಲೋ ದಾದಾಪೀರ?
ಅವನು ಎರಡೂ ಕೈಯಾಗೆ ಅಂಚು ಹಿಡಿದು
ಬಾಯಿ ಬಿಗಿದು ಕುಂತಿದ್ದ.
ಈಜು ಬರಲ್ಲಂತೆ.
ಹತ್ತುವಾಗಲೇ ಹೇಳೋದಲ್ಲೇನೋ!