ನಾಲ್ಕು ತಾಸಿನ ಕೌದಿ

ಡಯಾಲಿಸಿಸ್ ವಾರ್ಡಿನಲ್ಲಿ ಎಲ್ಲರೂ ಒಂಟಿ ಕೈಯವರು.
ಇನ್ನೊಂದು ಕೈ ಯಂತ್ರದ್ದು, ನಾಲ್ಕು ತಾಸು.
ಕಲಬುರಗಿಯ ಏಪ್ರಿಲ್. ಕಿಟಕಿಯ ಗಾಜು ಮುಟ್ಟಿದರೆ
ರೊಟ್ಟಿಯ ಹಂಚು ಮುಟ್ಟಿದ ಹಾಗೆ.
ಒಳಗೆ, ನೆತ್ತರು ಹೊರಗೆ ಸುತ್ತಾಡಿ ಬಂದವರಿಗೆ
ಗದಗದ ಚಳಿ.
ದಿನಕ್ಕೆ ಅರ್ಧ ಲೀಟರ್ ನೀರು ಎಂದು ಚೀಟಿ ಬರೆದವಳು ನಾನೇ.
ನನ್ನ ಬಾಟಲಿ ಎತ್ತುವಾಗ
ಗೋಡೆಯ ಕಡೆ ತಿರುಗಿ ನಿಲ್ಲುವವಳೂ ನಾನೇ.

ಏಳನೇ ಮಂಚ ಲಾಡ್ಲೇಸಾಬ, ಶಹಾಬಾದಿನ ಟೇಲರ್.
ಎಡಗೈಗೆ ಸೂಜಿ.
ಎಂಟನೇ ಮಂಚ ಹೇಮ್ಲಿಬಾಯಿ, ಕಮಲಾಪುರದ ಆಚೆಯ ತಾಂಡಾ.
ಎಡಗೈಯ ನರ ಕೈಕೊಟ್ಟ ಮೇಲೆ
ಬಲಗೈಗೆ ಸೂಜಿ.
ಅವನ ಬಲಗೈ, ಅವಳ ಎಡಗೈ,
ನಡುವೆ ಒಂದು ಸ್ಟೂಲಿನಷ್ಟು ಜಾಗ.
ಎರಡು ವರ್ಷ ಅಲ್ಲಿ ನನ್ನ ಬಿಪಿ ಯಂತ್ರ ಕೂತಿತ್ತು.

ಮೂರು ತಾಸಾಗುತ್ತಲೇ ಶುರು:
"ಬಿಚ್ಚವ್ವಾ, ಸಾಕು."
"ಇನ್ನಾ ಒಂದು ತಾಸು ಅದ, ಚಾಚಾ."
"ಬಿಚ್ಚತೀಯೋ, ನಾನೇ ಕಿತ್ತೊಗೀಲೋ?"
ಹೇಮ್ಲಿಬಾಯಿ ಬೈಯುವುದು ಲಂಬಾಣಿಯಲ್ಲಿ.
ಒಂದು ಶಬ್ದವೂ ಬಾರದ ನನಗೆ
ಪೂರ್ತಿ ತಿಳಿಯುತ್ತಿತ್ತು.

ಒಂದು ಮಂಗಳವಾರ, ಹೊದೆಯಲೆಂದು ಅವಳು ಎಳೆದದ್ದು
ಅರ್ಧ ಹೊಲಿದ ಕೌದಿ.
"ಕಾಯಿಲಿ ಬಂದಾಗಿಂದ ಹಿಂಗೇ ಅದ" ಅಂದಳು,
"ಒಂದು ಕೈಲೆ ಹಿಡೀಲೋ, ಹೊಲೀಲೋ?"
ಲಾಡ್ಲೇಸಾಬ ಫ್ಯಾನು ನೋಡುತ್ತಲೇ ಅಂದ:
"ನೀ ಹಿಡಿ."

ನಾನು ಬೇಡವೆಂದೆ. ಹೆಪಾರಿನ್ ಓಡುವ ಮೈ,
ಒಂದು ಸಲ ಚುಚ್ಚಿದರೆ ನೆತ್ತರು ನಿಲ್ಲುವುದಿಲ್ಲ,
ಡಾಕ್ಟರರು ಕೇಳುವುದು ನನ್ನನ್ನು.
ಶನಿವಾರ ಅವನು ಉಸ್ತಾದರ ಕಾಲದ
ಹಿತ್ತಾಳೆಯ ಅಂಗುಸ್ತಾನ ತಂದ,
ಮೈತುಂಬ ಸೂಜಿಯ ಮೈಲಿ ಕಲೆ.
ಅವಳ ಕೈಗೆ ಕೊಡಲಿಲ್ಲ. ಸ್ಟೂಲಿನ ಮೇಲೆ ಇಟ್ಟ.
ಅವಳು ಬೆರಳು ಇಳಿಸಿದಳು.
ದಾರ ಪೋಣಿಸುವ ಕೆಲಸ, ಎರಡು ಕೈ ಇದ್ದವಳಿಗೆ, ನನಗೆ ಬಂತು.

ಸುಮ್ಮನೆ ಹೊಲಿದರೆಂದು ತಿಳಿಯಬೇಡಿ.
ಇವನ ಸಾಲು ಶಹಾಬಾದಿ ಫರಸಿಯ ಅಂಚಿನಂತೆ ನೆಟ್ಟಗೆ.
ಅವಳಿಗೋ ಮೂಲೆಯಲ್ಲಿ ತಿರುಗಬೇಕು,
ಸುತ್ತಿ ಸುತ್ತಿ ನಡುವಿಗೆ ಬರಬೇಕು.
"ಏ ಸಾಬಣ್ಣಾ, ಇದು ಕೌದಿ, ಪ್ಯಾಂಟಲ್ಲ."
ಆರನೇ ಮಂಚ ನಕ್ಕಿತು.
ಆರನೇ ಮಂಚ ನಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಆಮೇಲೆ ಬಟ್ಟೆ ಬಂದವು. ಹರಿದ ಹಸಿರು ಬೆಡ್‌ಶೀಟು,
ನನ್ನ ಓಢಣಿ, ಯಾರದೋ ಮಗುವಿನ ಅಂಗಿ.
ಮೂರನೇ ಮಂಚ ಖಾಲಿಯಾಗಿ ಹದಿನೈದು ದಿನಕ್ಕೆ
ರೇವಪ್ಪನ ಹೆಂಡತಿ ಬಂದು
ಅವನ ಧೋತರದ ಒಂದು ತುಂಡು ಇಟ್ಟು ಹೋದಳು.
ಯಾರೂ ಏನೂ ಕೇಳಲಿಲ್ಲ. ಅಂದು ಸಾಲು ಸ್ವಲ್ಪ ಸೊಟ್ಟ ಹೋಯಿತು,
ಟೇಲರು ಬಿಚ್ಚಿ ಹೊಲಿಯಲಿಲ್ಲ.

ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ:
ಕ್ರಿಯೇಟಿನಿನ್ ಇಳಿಯಲಿಲ್ಲ.
ಕಾಲಿನ ಬಾವು, ಬಾಯಿಯ ಕಹಿ, ಎಲ್ಲಾ ಅಲ್ಲೇ ಇದೆ.
ಡಾಕ್ಟರರು ಒಂದು ದಿನ ನಿಂತು ನೋಡಿದರು,
ಅವಳ ಬೆರಳು ತಿರುವಿ, ಗಾಯ ಹುಡುಕಿ, ಸಿಗದೆ ಹೋದರು.
ಕೇಸ್ ಪೇಪರಿನಲ್ಲಿ ಬರೆಯಲು ಒಂದು ಅಂಕಿಯೂ ನನ್ನ ಹತ್ತಿರ ಇಲ್ಲ.
ಆದರೆ ಐಸಿನ ತುಂಡು ಕೇಳುವುದನ್ನು
ಹೇಮ್ಲಿಬಾಯಿ ಯಾವಾಗಲೋ ಮರೆತಿದ್ದಾಳೆ.
ನಾಲ್ಕು ತಾಸು ತುಂಬಿ ಯಂತ್ರ ಕೂಗಿದರೆ
"ತಡಿಯವ್ವಾ, ಈ ಸಾಲು ಮುಗೀಲಿ."
ಬಾಗಿಲಲ್ಲಿ ಮುಂದಿನ ಪಾಳಿಯವರು
ಡಬ್ಬಿ ಹಿಡಿದು ನನ್ನನ್ನು ಬೈಯುತ್ತಾರೆ.

ನಿನ್ನೆ ರಾತ್ರಿ ಮನೆಯಲ್ಲಿ
ಏಪ್ರನ್ನಿನ ಗುಂಡಿ ಹಚ್ಚಲು ಕೂತೆ.
ಎರಡೂ ಕೈ ನನ್ನವೇ, ಎರಡೂ ಖಾಲಿ.
ಎಡಗೈ ಎಳೆದತ್ತ ಬಲಗೈ ಬರಲಿಲ್ಲ,
ಜಗಳವಾಡುವಷ್ಟೂ ಪರಿಚಯ ಇರಲಿಲ್ಲ ಅವಕ್ಕೆ.
ಮೂರು ಸಲ ಚುಚ್ಚಿಕೊಂಡೆ.
ಒತ್ತಿ ಹಿಡಿಯಲು ಹತ್ತಿ ಹುಡುಕುತ್ತಿದ್ದೆ,
ಅಷ್ಟರಲ್ಲೇ
ತಾನಾಗಿ ನಿಂತಿತ್ತು ನೆತ್ತರು.